ಕೆಲವು ಕಥೆಗಳಿಗೆ ಅಂಗಳವೇ ಬೇಕು

ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ನಾನಿಯ ಮಗ್ಗುಲಲ್ಲಿ ಮಲಗಿ ಪ್ರವಾದಿ ಯೂಸುಫರ(ಅ) ಕಥೆ ಕೇಳಿದವರು ನಾವು. ಅಡಿಕೆ ಸುಲಿಯುವ ಚಪ್ಪರದಡಿ ಕತ್ತಿಯ ಮುಂದೆ ಕೂತ ಹೆಂಗಸರ ಬಾಯಲ್ಲಿ ಯಾರದೋ ಸೊಸೆಯ, ಇನ್ನಾರದೋ ಸವತಿಯ ಕಥೆ ಕೇಳಿದವರು. ಈಗ ಆ ಜಾಗಕ್ಕೆ ಟಿ.ವಿ. ಬಂತು, ಅದರ ಹಿಂದೆಯೇ ಮೊಬೈಲ್ ಬಂತು. ಕಥೆಗಳಿಗೇನೂ ಬರ ಬಂದಿಲ್ಲ. ರಾತ್ರಿ ಹನ್ನೆರಡರವರೆಗೆ ನೋಡಿದರೂ ಮುಗಿಯದಷ್ಟು ಕಥೆಗಳು ಅಂಗೈಯಲ್ಲೇ ಇವೆ.

ಆದರೂ ಒಂದು ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಸಿನಿಮಾ ನೋಡಿ ಸೆರಗು ಒದ್ದೆಯಾಗುವಷ್ಟು ಅತ್ತ ಕಥೆ ಮರುದಿನ ಬೆಳಗಿನ ಚಹಾದೊಂದಿಗೆ ಇಳಿದುಹೋಗುತ್ತದೆ. ನಾಲ್ಕು ಜನ ಎದುರಿಗೆ ನಿಂತು ಆಡಿ ತೋರಿಸಿದ ಕಥೆ ವರ್ಷಗಟ್ಟಲೆ ಎದೆಯಲ್ಲಿ ಕೂತಿರುತ್ತದೆ. ಎಲ್ಲಾ ಕಥೆಗಳೂ ಹಾಗಲ್ಲ, ಕೆಲವು ಮಾತ್ರ. ಯಾವ ಕಥೆಗಳು ಅವು? ಅವುಗಳಿಗೆ ಸಿನಿಮಾದ ಪರದೆಗಿಂತ ಒಂದು ಅಂಗಳ, ಒಂದು ಜಮಖಾನೆ, ಎದುರಿಗೆ ಕೂತ ಜನ ಏಕೆ ಬೇಕು? ಇಂದು ನಿಮ್ಮೊಂದಿಗೆ ಇದನ್ನೇ ಮಾತಾಡಬೇಕೆಂದಿದ್ದೇನೆ.

ಮದ್ರಸಾದಲ್ಲಿ ಓದಿದವಳು ನಾಟಕದ ಬಗ್ಗೆ ಬರೆಯುವುದೇ ಎಂದು ಹುಬ್ಬು ಗಂಟಿಕ್ಕುವ ಸಹೋದರಿಯರಿದ್ದಾರೆ ಎಂದು ಬಲ್ಲೆ. ಅವರಿಗೊಂದು ಮಾತು ನೆನಪಿಸುತ್ತೇನೆ. ನಮ್ಮ ಮದ್ರಸಾಗಳ ವಾರ್ಷಿಕ ಜಲ್ಸಾದಲ್ಲಿ ಎಲ್ಲರೂ ಕಾಯುವ ಕಾರ್ಯಕ್ರಮ ಯಾವುದು? ಕಿರಾಅತ್ ಮತ್ತು ನಾತ್‌ನ ನಂತರ ಬರುವ ಮುಕಾಲಮಾ ಅಲ್ಲವೇ? ಒಬ್ಬ ಹುಡುಗ ಸಾಹುಕಾರನಾಗುತ್ತಾನೆ, ಇನ್ನೊಬ್ಬ ಅವನ ಮನೆಯ ಕೂಲಿಯಾಳಾಗುತ್ತಾನೆ. ಇಲ್ಲವೇ ಒಬ್ಬಳು ವರದಕ್ಷಿಣೆ ಕೇಳುವ ಅತ್ತೆ, ಇನ್ನೊಬ್ಬಳು ಉತ್ತರ ಕೊಡುವ ಸೊಸೆ. ಬಣ್ಣವಿಲ್ಲ, ಪರದೆಯಿಲ್ಲ, ಸಂಗೀತವಿಲ್ಲ. ಒಂದು ಮೈಕು, ಎರಡು ಮಕ್ಕಳು, ಹತ್ತು ನಿಮಿಷದ ಮಾತು. ಅಷ್ಟಕ್ಕೇ ಹಿಂದಿನ ಸಾಲಿನ ಮುದುಕರು ಮುಂದಕ್ಕೆ ಬಾಗಿ ಕೇಳುತ್ತಾರೆ. ಹೆಸರು ಏನೇ ಇರಲಿ, ಅದು ರಂಗಭೂಮಿಯ ಕೆಲಸವೇ. ಸಂವಾದದ ಮೂಲಕ ಒಂದು ಸತ್ಯವನ್ನು ಜನರ ಮುಂದಿಡುವ ದಾರಿ ನಮಗೆ ಹೊಸದಲ್ಲ.

ಹಾಗೆಂದು ಸಿನಿಮಾ ಕೀಳು, ನಾಟಕ ಮೇಲು ಎಂದು ತೂಗಲು ನಾನು ಹೊರಟಿಲ್ಲ. ಸಿನಿಮಾಕ್ಕೆ ಅದರದೇ ಶಕ್ತಿಯಿದೆ. ಸಮುದ್ರ, ಯುದ್ಧ, ಬರಗಾಲ, ಸಾವಿರಾರು ಜನರ ಗುಳೆ, ಇವನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲದು. ಮುಖವನ್ನು ಹತ್ತಿರಕ್ಕೆ ತಂದು ಕಣ್ಣಂಚಿನ ಒಂದು ಹನಿಯನ್ನೂ ಕಾಣಿಸಬಲ್ಲದು. ಆದರೆ ಅದರ ಈ ಶಕ್ತಿಯೇ ಕೆಲವೊಮ್ಮೆ ಅದರ ಮಿತಿಯಾಗುತ್ತದೆ. ಸಿನಿಮಾ ಎಲ್ಲವನ್ನೂ ತೋರಿಸಲೇಬೇಕು. ಮನೆ ಎಂದರೆ ಇಂಥದೇ ಮನೆ, ಹೆಂಗಸು ಎಂದರೆ ಇಂಥದೇ ಮುಖ, ಊರು ಎಂದರೆ ಇಂಥದೇ ಊರು. ನೋಡುವವರ ಮನಸ್ಸಿಗೆ ಮಾಡಲು ಹೆಚ್ಚು ಕೆಲಸ ಉಳಿಯುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಮನೆಗಳಲ್ಲೂ ನೋಡಿರುವ 'ದಿ ಮೆಸೇಜ್' ಚಿತ್ರ. ಸಿರಿಯಾ ಮೂಲದ ನಿರ್ದೇಶಕ ಮುಸ್ತಫಾ ಅಕ್ಕಾದ್ ಅದನ್ನು 1976ರಲ್ಲಿ ತೆರೆಗೆ ತಂದರು. ಇಂಗ್ಲಿಷಿನಲ್ಲಿ ಒಂದು, ಅರಬಿಯಲ್ಲಿ ಇನ್ನೊಂದು, ಹೀಗೆ ಬೇರೆ ಬೇರೆ ನಟರನ್ನಿಟ್ಟು ಎರಡು ಚಿತ್ರಗಳನ್ನು ಮಾಡಿದರು. ಇಂಗ್ಲಿಷಿನದರಲ್ಲಿ ಹಝ್ರತ್ ಹಂಝಾರ(ರ) ಪಾತ್ರ ಆಂಟನಿ ಕ್ವಿನ್‌ರದು, ಅರಬಿಯಲ್ಲಿ ಅಬ್ದುಲ್ಲಾ ಗೈಸ್‌ರದು. ಪ್ರವಾದಿಯವರ(ಸ) ರೂಪವನ್ನಾಗಲಿ ಧ್ವನಿಯನ್ನಾಗಲಿ ಅದರಲ್ಲಿ ತೋರಿಸಲಿಲ್ಲ, ಕೇಳಿಸಲಿಲ್ಲ. ಎದುರಿನವರು ಕ್ಯಾಮೆರಾದತ್ತ ತಿರುಗಿ ಮಾತಾಡುತ್ತಾರೆ, ಉತ್ತರ ನಮ್ಮ ಮನಸ್ಸಿಗೆ ಬಿಟ್ಟದ್ದು. ಕೋಟಿಗಟ್ಟಲೆ ಹಣ ಸುರಿದು ಮಾಡಿದ ಆ ಚಿತ್ರದಲ್ಲಿ ಯುದ್ಧದ ದೃಶ್ಯಗಳಿಗಿಂತ ಹೆಚ್ಚಾಗಿ ಮನಸ್ಸು ತುಂಬುವುದು ಈ ಕಾಣದ ಜಾಗವೇ. ಸಿನಿಮಾ ತನ್ನ ತೋರಿಸುವ ಆಸೆಯನ್ನು ತಡೆದುಕೊಂಡಾಗ ಇಷ್ಟು ಎತ್ತರಕ್ಕೆ ಏರಿತು. ರಂಗದ ಮೇಲಾದರೋ ಇದು ದಿನನಿತ್ಯದ ದಾರಿ. ಅಲ್ಲಿ ಹೆಚ್ಚಿನದೆಲ್ಲ ಕಾಣದೇ ಇರುತ್ತದೆ.

ಕನ್ನಡದ ನಾಟಕವನ್ನೇ ತೆಗೆದುಕೊಳ್ಳಿ. ಗಿರೀಶ್ ಕಾರ್ನಾಡರು 1964ರಲ್ಲಿ 'ತುಘಲಕ್' ಬರೆದರು. ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸಿದ ಕಥೆ ಅದರಲ್ಲಿದೆ. ಸಿನಿಮಾ ಮಾಡುವುದಾದರೆ ನೂರಾರು ಮೈಲಿಯ ದಾರಿ, ಸಾವಿರಾರು ಜನ, ಒಂಟೆ, ಎತ್ತಿನ ಗಾಡಿ, ಧೂಳು ಎಲ್ಲ ಬೇಕು. ನಾಟಕದಲ್ಲಿ ತಲೆಯ ಮೇಲೆ ಗಂಟು ಹೊತ್ತ ಒಬ್ಬ ಹೆಂಗಸು, ಕಂಕುಳಲ್ಲಿ ಕಾಯಿಲೆಯ ಮಗು, ಇಷ್ಟಿದ್ದರೆ ಸಾಕು. ಊರು ಬಿಟ್ಟು ಹೋಗಬೇಕಾದವರ ಸಂಕಟವೆಲ್ಲ ಆ ಗಂಟಿನಲ್ಲಿರುತ್ತದೆ. ಸಿ.ಆರ್. ಸಿಂಹರು ಕನ್ನಡದಲ್ಲಿ ತುಘಲಕ್ ಆಗಿ ಮನೆಮಾತಾದರು. ದಿಲ್ಲಿಯ ಹಳೆಯ ಕೋಟೆಯಲ್ಲಿ ಇಬ್ರಾಹಿಂ ಅಲ್ಕಾಝಿಯವರು ಅದನ್ನು ಉರ್ದು ಮಿಶ್ರಿತ ಹಿಂದೂಸ್ಥಾನಿಯಲ್ಲಿ ಆಡಿಸಿದ್ದು ದೇಶದಾದ್ಯಂತ ಹೆಸರಾಯಿತು. ಅಷ್ಟು ದೊಡ್ಡ ಸುಲ್ತಾನನ ಕಥೆಯಾದರೂ ಅದರ ಜೀವ ಇರುವುದು ಯುದ್ಧದಲ್ಲಲ್ಲ, ನಿದ್ದೆ ಬಾರದ ಒಬ್ಬ ಮನುಷ್ಯನ ಮಾತಿನಲ್ಲಿ. ಆ ಮಾತು ನಮ್ಮ ಎದುರಿಗೇ ಹುಟ್ಟಬೇಕು.

ನಾಟಕಕ್ಕೆ ಇನ್ನೊಂದು ಗುಣವಿದೆ. ಅದು ಪ್ರತಿ ರಾತ್ರಿಯೂ ಹೊಸದು. ನಮ್ಮ ದಾವಣಗೆರೆ ಕಂಪನಿ ನಾಟಕಗಳ ಊರು. ಅಲ್ಲಿನ ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ಲೀಲಾ ಅವರ 'ಪೊಲೀಸನ ಮಗಳು' ನಾಟಕ ಇವನ್ನು ಹಿರಿಯರು ಈಗಲೂ ನೆನೆಯುತ್ತಾರೆ. 2010ರಲ್ಲಿ ತೀರಿಕೊಂಡ ಲೀಲಾ ಅವರು ಸಿನಿಮಾಗಳಲ್ಲೂ ನಟಿಸಿದ್ದರು, ಆದರೆ ಜನ ನೆನೆಯುವುದು ತಗಡಿನ ಥಿಯೇಟರಿನ ಲೀಲಾರನ್ನು. ಬಸವಾಪಟ್ಟಣ, ಚನ್ನಗಿರಿ, ಸಂತೇಬೆನ್ನೂರಿನ ಕಡೆಯ ಜನ ಕಂಪನಿ ಬಂತೆಂದರೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಎಂದು ಕೂಗುವುದು, ನಟರು ಕಥೆಯನ್ನು ನಿಲ್ಲಿಸಿ ಮತ್ತೊಮ್ಮೆ ಹಾಡುವುದು. ಸಿನಿಮಾಕ್ಕೆ ಕೂಗಿದರೆ ಯಾರು ಕೇಳಿಸಿಕೊಳ್ಳುತ್ತಾರೆ? ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ವನ್ನು ಸಾವಿರಾರು ಸಲ ಆಡಿದರು. ಅಂದಂದಿನ ಪತ್ರಿಕೆಯ ಸುದ್ದಿ, ಆಯಾ ಊರಿನ ಸಂಗತಿ ಅಂದಿನ ಮಾತಿನಲ್ಲೇ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ಅಧಿಕಾರಿಯ ಮುಖ ಕೆಂಪಾಗುತ್ತಿತ್ತು. ಒಮ್ಮೆ ಚಿತ್ರೀಕರಿಸಿ ಡಬ್ಬಿಗೆ ಹಾಕಿದ ಮಾತಿಗೆ ಈ ಗುಣ ಎಲ್ಲಿಂದ ಬರಬೇಕು?

ಈ ಕಂಪನಿ ನಾಟಕಗಳ ಲೋಕದಲ್ಲಿ ನಮ್ಮವರೂ ಇದ್ದರು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಚಂದ್ರಕಲಾ ನಾಟಕ ಮಂಡಳಿಯ ಮಹಮ್ಮದ್ ಪೀರ್ ಅವರು 1930ರ ದಶಕದ ಕನ್ನಡ ರಂಗಭೂಮಿಯ ದೊಡ್ಡ ಹೆಸರು. ಅವರ ಷಹಜಹಾನ್ ಪಾತ್ರವನ್ನು ಕಂಡವರು ಹೊಗಳಿ ಬರೆದಿದ್ದಾರೆ. ಬೀಳಗಿಯಿಂದ ಬಂದ ಅಮೀರ್‌ಬಾಯಿ ಮತ್ತು ಗೋಹರ್‌ಬಾಯಿ ಎಂಬ ಸಹೋದರಿಯರು ರಂಗದ ಮೇಲೂ ಹಾಡಿನಲ್ಲೂ ಕರ್ನಾಟಕದ ಹೆಸರನ್ನು ಮುಂಬಯಿವರೆಗೆ ಒಯ್ದರು. ಅವರ ಬದುಕಿನ ದಾರಿಯನ್ನೆಲ್ಲ ನಾವು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಕನ್ನಡದ ಕಥೆ ಹೇಳುವ ಕೆಲಸದಲ್ಲಿ ಮುಸ್ಲಿಮರು ಹೊರಗಿನವರಾಗಿರಲಿಲ್ಲ ಎಂಬುದಷ್ಟೇ ನನ್ನ ಮಾತು.

ಈಗ ನಮ್ಮ ಮನೆಯ ಕಥೆಗಳಿಗೆ ಬರೋಣ. ಕಾಸರಗೋಡಿನ ಚಂದ್ರಗಿರಿ ಹೊಳೆಯ ದಂಡೆಯಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 1984ರಲ್ಲಿ ಪುಸ್ತಕವಾಗಿ ಬಂತು. ನಿಮ್ಮಲ್ಲಿ ಅನೇಕರು ಓದಿರಬಹುದು, ಕೆಲವರು ಸಿಟ್ಟಾಗಿಯೂ ಇರಬಹುದು. ನಾದಿರಾ ಎಂಬ ಹುಡುಗಿ, ಅವಳ ಒಳ್ಳೆಯ ಗಂಡ ರಶೀದ್, ಹಟಮಾರಿ ತಂದೆ. ತಂದೆ ಮಗಳನ್ನು ತವರಿಗೆ ಕರೆತಂದು ಅವಳ ಇಷ್ಟಕ್ಕೆ ವಿರುದ್ಧವಾಗಿ ತಲಾಖ್ ಕೊಡಿಸುತ್ತಾನೆ. ಗಂಡ ಹೆಂಡಿರು ಮತ್ತೆ ಒಂದಾಗಬೇಕೆಂದಾಗ ಇನ್ನೊಬ್ಬನೊಂದಿಗೆ ಒಂದು ರಾತ್ರಿಯ ನಿಕಾಹ್ ಆಗಬೇಕು ಎನ್ನುತ್ತಾರೆ. ನಾದಿರಾ ಮಸೀದಿಯ ಕೊಳದಲ್ಲಿ ಕೊನೆಯಾಗುತ್ತಾಳೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಹೀಗೆ ಮೊದಲೇ ಗೊತ್ತುಮಾಡಿ ನಡೆಸುವ ಒಂದು ರಾತ್ರಿಯ ನಿಕಾಹ್ ಇಸ್ಲಾಮಿನ ವಿಧಿಯಲ್ಲ. ಅದನ್ನು ಮಾಡುವವನನ್ನೂ ಮಾಡಿಸುವವನನ್ನೂ ಪ್ರವಾದಿಯವರು(ಸ) ಶಪಿಸಿದ್ದಾರೆಂದು ಹದೀಸ್ ಗ್ರಂಥಗಳಲ್ಲಿದೆ. ಒಂದೇ ಉಸಿರಿನ ಮೂರು ತಲಾಖ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು, 2019ರಲ್ಲಿ ಕಾನೂನೂ ಬಂತು. ಆ ಕಾನೂನಿನ ಒಳಿತು ಕೆಡುಕು ಬೇರೆಯೇ ಚರ್ಚೆ. ಆದರೆ ಕೋರ್ಟಿಗಿಂತ ಮುಂಚೆ ಎರಡೂ ಕಡೆಯ ಹಿರಿಯರು ಕೂತು ಸರಿಪಡಿಸಬೇಕೆಂದು ಕುರ್‌ಆನ್ ಹೇಳಿದ್ದನ್ನು ನಾವು ಮರೆತಿದ್ದೆವು ಎಂಬುದನ್ನಂತೂ ಅಲ್ಲಗಳೆಯಲಾಗದು.

ಆ ಕಾದಂಬರಿಯ ಬಳಿಕ ಏನಾಯಿತು? 2011ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು 'ಬ್ಯಾರಿ' ಎಂಬ ಚಿತ್ರ ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಬ್ಯಾರಿ ಭಾಷೆಗೆ ಅದು ದೊಡ್ಡ ಗೌರವವೇ. ಆದರೆ ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಳ್ಳಲಾಗಿದೆ ಎಂದು ಸಾರಾ ಅವರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಇತ್ತ ಅದೇ ಕಾದಂಬರಿ ರೂಪಾ ಕೋಟೇಶ್ವರ ಅವರ ರಂಗರೂಪದಲ್ಲಿ, ನಯನಾ ಜೆ. ಸೂಡ ಅವರ ನಿರ್ದೇಶನದಲ್ಲಿ ಕನ್ನಡ ನಾಟಕವೂ ಆಯಿತು. ಸಾರಾ ಅವರು 2023ರ ಜನವರಿಯಲ್ಲಿ ನಮ್ಮನ್ನಗಲಿದರು.

ನಾದಿರಾಳ ಕಥೆಗೆ ರಂಗವೇ ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸುವುದೇಕೆ ಗೊತ್ತೆ? ಆ ಕಥೆಯಲ್ಲಿ ನಡೆಯುವುದೆಲ್ಲ ಮಾತಿನಲ್ಲೇ ನಡೆಯುತ್ತದೆ. ಹೊಳೆ ಚೆಲುವಾಗಿದೆ, ದೋಣಿ ಚೆಲುವಾಗಿದೆ, ತೆಂಗಿನ ತೋಟ ಚೆಲುವಾಗಿದೆ. ಸಿನಿಮಾ ಅವನ್ನೆಲ್ಲ ತೋರಿಸುತ್ತದೆ, ನಮ್ಮ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ನಾದಿರಾಳ ಬದುಕನ್ನು ಕಟ್ಟಿದ್ದು 'ಕುಬೂಲ್' ಎಂಬ ಒಂದು ಮಾತು, ಕೆಡವಿದ್ದು 'ತಲಾಖ್' ಎಂಬ ಒಂದು ಮಾತು. ಸಹೋದರಿಯರೇ, ನಮ್ಮ ಬಾಳಿನ ದೊಡ್ಡ ಘಟನೆಗಳೆಲ್ಲ ಹೀಗೆಯೇ ಅಲ್ಲವೇ? ಕತ್ತಿಯಿಲ್ಲ, ಬೆಂಕಿಯಿಲ್ಲ, ಒಂದು ಶಬ್ದ. ಆ ಶಬ್ದಕ್ಕೆ ಇಬ್ಬರು ಗವಾಹ್‌ಗಳು. ರಂಗದ ಮೇಲೆ ನಟನೊಬ್ಬ ಆ ಶಬ್ದವನ್ನು ನಿಜವಾದ ಗಾಳಿಯಲ್ಲಿ, ನಮ್ಮ ಕಿವಿಯ ಹತ್ತಿರವೇ ಉಚ್ಚರಿಸಿದಾಗ ನಾವು ನೋಡುವವರಾಗಿ ಉಳಿಯುವುದಿಲ್ಲ, ಗವಾಹ್‌ಗಳಾಗುತ್ತೇವೆ. ಸಿನಿಮಾದಲ್ಲಿ ಆ ಮಾತು ಎಂದೋ, ಎಲ್ಲೋ ಆಡಿ ಮುಗಿದದ್ದು. ನಾವು ತಡವಾಗಿ ಬಂದವರು.

ಇನ್ನೊಂದು ಕಥೆ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು'. ಗಂಡ ತೊರೆದ ಹೆಂಗಸೊಬ್ಬಳು ಮುತವಲ್ಲಿಯ ಬಳಿ ನ್ಯಾಯ ಕೇಳಿ ಮಕ್ಕಳೊಂದಿಗೆ ಮಸೀದಿಯ ಅಂಗಳದಲ್ಲಿ ಕೂರುವ ಕಥೆ. ಗಿರೀಶ್ ಕಾಸರವಳ್ಳಿಯವರು ಇದನ್ನು 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು. ತಾರಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ವಸ್ತ್ರವಿನ್ಯಾಸಕ್ಕೂ ಪ್ರಶಸ್ತಿ ಬಂತು. ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ದೊರೆತಾಗ, ದೀಪಾ ಭಾಸ್ತಿಯವರ ಆ ಅನುವಾದ ಸಂಕಲನದಲ್ಲಿ ಈ ಕಥೆಯೂ ಇತ್ತು.

'ಹಸೀನಾ' ಒಳ್ಳೆಯ ಚಿತ್ರ, ಕಾಳಜಿಯಿಂದ ಮಾಡಿದ ಚಿತ್ರ. ಆದರೂ ಯೋಚಿಸಿ. ಸಿನಿಮಾ ಎಂದಮೇಲೆ ಬುರ್ಖಾ ಸರಿಯಾಗಿರಬೇಕು, ಗಲ್ಲಿ ಸರಿಯಾಗಿರಬೇಕು, ಮಸೀದಿ ಮಸೀದಿಯಂತೆಯೇ ಕಾಣಬೇಕು. ಇಷ್ಟೆಲ್ಲ ಸರಿಯಾದಾಗ ನೋಡುವವರು ಏನೆನ್ನುತ್ತಾರೆ? "ಓ, ಮುಸ್ಲಿಮರ ಮನೆಗಳು ಹೀಗಿರುತ್ತವೆ" ಎನ್ನುತ್ತಾರೆ. ಒಬ್ಬ ಯಾಕೂಬನ ತಪ್ಪು, ಒಬ್ಬ ಮುತವಲ್ಲಿಯ ಅಲಕ್ಷ್ಯ ಇಡೀ ಸಮುದಾಯದ ಚಿತ್ರವಾಗಿಬಿಡುತ್ತದೆ. ದೂರದ ಊರಿನ ಚಿತ್ರೋತ್ಸವದಲ್ಲಿ ಜನ ಮರುಗುತ್ತಾರೆ. ಆದರೆ ಯಾವ ಮುತವಲ್ಲಿ ಕೇಳಬೇಕಿತ್ತೋ ಅವನು ಆ ಚಿತ್ರಮಂದಿರದಲ್ಲಿ ಇರುವುದಿಲ್ಲ. ಅದೇ ಕಥೆಯನ್ನು ನಮ್ಮ ಊರಿನ ಶಾದಿಮಹಲ್‌ನಲ್ಲಿ ಆಡಿದರೆ? ಬುರ್ಖಾ ತೋರಿಸುವ ಅಗತ್ಯವೇ ಇಲ್ಲ, ನೋಡುವವರೆಲ್ಲ ಅದನ್ನು ತೊಟ್ಟೇ ಬಂದಿರುತ್ತಾರೆ. ಮಸೀದಿ ತೋರಿಸಬೇಕಿಲ್ಲ, ಅದು ಪಕ್ಕದ ಬೀದಿಯಲ್ಲಿದೆ. ಅಲ್ಲಿ ಯಾರೂ 'ಮುಸ್ಲಿಮರು ಹೀಗೆ' ಎನ್ನುವುದಿಲ್ಲ. 'ನಾವು ಹೀಗೇಕೆ' ಎನ್ನುತ್ತಾರೆ. ಎರಡು ಮಾತಿಗೂ ಎಷ್ಟು ಅಂತರವಿದೆ ನೋಡಿ!

ಇದು ಬರೀ ಲೆಕ್ಕಾಚಾರದ ಮಾತಲ್ಲ. ಬಸವಾಪಟ್ಟಣದಲ್ಲಿ ಹೆಂಗಸರಿಗೆಂದೇ ಇಟ್ಟುಕೊಂಡ ಒಂದು ಕಾರ್ಯಕ್ರಮದಲ್ಲಿ ನಮ್ಮ ಹೆಣ್ಣುಮಕ್ಕಳು ಒಂದು ಮುಕಾಲಮಾ ಆಡಿದರು. ವಿಷಯ ಮೆಹರ್. ಮಾತುಗಳನ್ನು ಮಕ್ಕಳೇ ತಮ್ಮ ಮನೆಗಳಲ್ಲಿ ಕೇಳಿ ತಂದಿದ್ದರು.

ನಮ್ಮ ಕಡೆಯ ಒಂದು ರೂಢಿ ನಿಮಗೂ ಗೊತ್ತಿರಬಹುದು. ಮದುವೆಯಲ್ಲಿ ಮೆಹರ್ ಇಷ್ಟು ಎಂದು ಬರೆಸುತ್ತಾರೆ, ಕೊಡುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಬಾಳಿದ ಮೇಲೆ ಗಂಡ ತೀರಿಕೊಂಡಾಗ, ಮಯ್ಯತ್ ಎತ್ತುವ ಮುಂಚೆ ವಿಧವೆಯನ್ನು ಹತ್ತಿರ ಕರೆದು "ಮೆಹರ್ ಮಾಫ್ ಕರ್ದೀ ಬೋಲೊ" ಎನ್ನುತ್ತಾರೆ. ಆ ಗಳಿಗೆಯಲ್ಲಿ ಯಾವ ಹೆಂಗಸು ಇಲ್ಲ ಎನ್ನುತ್ತಾಳೆ? ಮೆಹರನ್ನು ಸಂತೋಷದಿಂದ ಕೊಡಿ ಎಂದು ಕುರ್‌ಆನ್ ಗಂಡಸರಿಗೆ ಹೇಳಿದೆ. ಹೆಂಡತಿ ತಾನಾಗಿ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಅದು ಬಿಟ್ಟಂತೆ. ಕೊಡದೆ ಉಳಿದ ಮೆಹರ್ ಸಾಲ. ಗಂಡ ಬಿಟ್ಟುಹೋದ ಆಸ್ತಿಯನ್ನು ವಾರಸುದಾರರಿಗೆ ಹಂಚುವ ಮೊದಲು ಆ ಸಾಲ ತೀರಿಸಬೇಕು. ಹೆಣದ ಮುಂದೆ ಅಳುತ್ತಿರುವವಳ ಬಾಯಿಂದ ಹೇಳಿಸಿದ ಮಾತು ಮನಸಾರೆ ಬಿಟ್ಟದ್ದು ಹೇಗಾದೀತು?

ಮಕ್ಕಳು ಮಾಡಿದ್ದು ಇಷ್ಟೇ. ಒಂದು ಉದ್ದನೆಯ ದಿಂಬಿಗೆ ಬಿಳಿ ಚಾದರ ಸುತ್ತಿ ಜಮಖಾನೆಯ ಮೇಲಿಟ್ಟರು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ದುಪಟ್ಟಾ ತಲೆಗೆ ಹೊದ್ದು ಅದರ ಪಕ್ಕ ಕೂತಳು. ಉಳಿದವರು ನಾದಿನಿ, ಅತ್ತೆ, ನೆರೆಯವರಾದರು. ಒಬ್ಬಳು ಮೆಲ್ಲಗೆ, ಬಹಳ ಪ್ರೀತಿಯಿಂದಲೇ, "ಮಾಫ್ ಕರ್ದೀ ಬೋಲೊ ಬೇಟಾ, ಉನ್ಕಿ ರೂಹ್ಕು ತಕ್ಲೀಫ್ ಹೋತಿ" ಎಂದಳು. ದಿಂಬು ಎಂದು ಎಲ್ಲರಿಗೂ ಗೊತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಅದೇ ದಿಂಬಿಗೆ ಒರಗಿ ಕೂತವರೂ ಅಲ್ಲಿದ್ದರು. ಆದರೂ ಆ ಗಳಿಗೆಯಲ್ಲಿ ಅಲ್ಲಿದ್ದ ಒಂದೊಂದು ಹೆಂಗಸಿಗೂ ಅದು ತನ್ನ ಮನೆಯ ಮಯ್ಯತ್ ಆಗಿತ್ತು. ಯಾರೂ ಉಸಿರೆತ್ತಲಿಲ್ಲ.

ಹುಡುಗಿ ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕಿಯ ದನಿ ಬಂತು: "ನಕ್ಕೋ ಬೇಟೀ! ನಕ್ಕೋ ಬೋಲೊ!" ಬೇಡ ಮಗಳೇ, ಹೇಳಬೇಡ. ಆಕೆ ಪಾತ್ರಧಾರಿಯಲ್ಲ. ಗಂಡ ತೀರಿ ಹದಿನೆಂಟು ವರ್ಷವಾದವರು, ಅಡಿಕೆ ಸುಲಿದು ಮಕ್ಕಳನ್ನು ಸಾಕಿದವರು. ಮಾಫ್ ಎಂದು ಅಂದು ಹೇಳಿಬಿಟ್ಟವರು. ಮಕ್ಕಳು ಆಟ ನಿಲ್ಲಿಸಿ ಆಕೆಯನ್ನೇ ನೋಡಿದರು. ಆ ಹುಡುಗಿ, ಬರೆದುಕೊಂಡಿದ್ದ ಮಾತನ್ನು ಬಿಟ್ಟು, "ನಾನಿ, ಆಪ್ ಬೋಲೊ" ಎಂದಳು. ಮುದುಕಿ ಎದ್ದುನಿಂತು ತನ್ನ ಕಥೆ ಹೇಳಿದರು. ಬಳಿಕ ಇನ್ನೊಬ್ಬರು ಎದ್ದರು, ಅವರ ನಂತರ ಮತ್ತೊಬ್ಬರು. ಹದಿನೈದು ನಿಮಿಷದ ಮುಕಾಲಮಾ ಅಸರ್ ನಮಾಝಿನವರೆಗೆ ನಡೆಯಿತು. ಮೆಹರ್ ಬಗ್ಗೆ ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅಂದಿನಂಥ ಪಾಠ ನನ್ನಿಂದ ಆಗಿರಲಿಲ್ಲ. ಆ ತಿಂಗಳು ನಮ್ಮ ಮೊಹಲ್ಲಾದ ಇಬ್ಬರು ಗಂಡಸರು ಬದುಕಿರುವಾಗಲೇ ಹೆಂಡತಿಯರ ಮೆಹರ್ ಚುಕ್ತಾ ಮಾಡಿದರೆಂದು ಕೇಳಿದೆ. ಒಬ್ಬರು ಆಡು ಮಾರಿ ಕೊಟ್ಟರಂತೆ.

ಇದನ್ನೇ ಸಿನಿಮಾ ಮಾಡಿದ್ದರೆ ಹೆಣ ಬೇಕಿತ್ತು, ಹಿನ್ನೆಲೆ ಸಂಗೀತ ಬೇಕಿತ್ತು, ನಾವು ಅತ್ತು ಎದ್ದು ಬರುತ್ತಿದ್ದೆವು. ಆದರೆ 'ನಕ್ಕೋ ಬೇಟೀ' ಎಂದು ಕೂಗಿದರೆ ಪರದೆಯ ಮೇಲಿನ ಹುಡುಗಿ ತಿರುಗಿ ನೋಡುತ್ತಿರಲಿಲ್ಲ.

ಮುಂದೆ ನಡೆದದ್ದನ್ನೂ ಹೇಳಬೇಕು. ಮೊಬೈಲುಗಳನ್ನು ಚೀಲದೊಳಗಿಡಿ ಎಂದು ಮೊದಲೇ ಎರಡೆರಡು ಸಲ ಹೇಳಿದ್ದೆವು. ಆದರೂ ಯಾರೋ ಒಬ್ಬರು ಸೆರಗಿನ ಮರೆಯಿಂದ ಒಂದಷ್ಟು ಹಿಡಿದಿದ್ದರು. ಮರುದಿನ ಅದು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಪೂರ್ತಿಯಲ್ಲ, ಅರ್ಧ ನಿಮಿಷದ ತುಣುಕು. ಬಿಳಿ ಚಾದರದ ದಿಂಬು, ಅದರ ಪಕ್ಕ ಹುಡುಗಿ, ಸುತ್ತಲಿನ ಮಾತು. ಮುದುಕಿಯ ದನಿ ಅದರಲ್ಲಿಲ್ಲ, ನಂತರ ನಡೆದ ಮಾತುಕತೆಯಿಲ್ಲ. ನೋಡಿದವರು ಕೆಲವರು "ಮಯ್ಯತ್‌ನ ತಮಾಷೆ ಮಾಡಿದ್ದಾರೆ" ಎಂದರು. ನಮ್ಮವರಲ್ಲದ ಇನ್ನು ಕೆಲವರು "ನೋಡಿ ಇವರ ಮನೆಗಳಲ್ಲಿ ಹೆಂಗಸರ ಪಾಡು" ಎಂದು ಬರೆದು ಮುಂದಕ್ಕೆ ಕಳಿಸಿದರು. ಹುಡುಗಿಯ ಮುಖ ಊರೂರು ಸುತ್ತಿತು. ಅವಳ ತಂದೆ ಅವಳನ್ನು ಶಾಲೆ ಬಿಡಿಸಿದರು.

ಆ ಅಂಗಳದಲ್ಲಿ ಎರಡು ಮನೆಯ ಸಾಲ ತೀರಿಸಿದ ಅದೇ ಅರ್ಧ ನಿಮಿಷ, ಪರದೆಗೆ ಬಂದಾಗ ಒಂದು ಹುಡುಗಿಯ ಓದನ್ನೇ ನಿಲ್ಲಿಸಿತು. ಮಾತು ಬದಲಾಗಿರಲಿಲ್ಲ. ಮಾತನ್ನು ಕೇಳುವವರು ಬದಲಾಗಿದ್ದರು, ಅವರಿಗೂ ಹುಡುಗಿಗೂ ನಡುವೆ ಇದ್ದ ಅಂಗಳ ಇಲ್ಲವಾಗಿತ್ತು.

ನಾನು ಅವರ ಮನೆಗೆ ಮೂರು ಸಲ ಹೋದೆ. ತಂದೆ ಕೆಟ್ಟವರಲ್ಲ, ಹೆದರಿದವರು. "ಆಪಾ, ನೀವು ಹೇಳುವುದು ಸರಿ. ಆದರೆ ನಾಳೆ ಇವಳಿಗೆ ಸಂಬಂಧ ಬಂದಾಗ ಆ ವೀಡಿಯೋ ಯಾರ ಮೊಬೈಲಲ್ಲಿರುತ್ತದೋ ನನಗೇನು ಗೊತ್ತು?" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಕೊಟ್ಟಿದ್ದು ಆ ಹುಡುಗಿಯ ದಾದಿ. "ಅವಳು ಹೇಳಬೇಕಾದ ಮಾತು ಹೇಳಿದ್ದಾಳೆ. ಕದ್ದು ಹಿಡಿದವರನ್ನು ಮನೆಯಲ್ಲಿ ಕೂರಿಸು, ಇವಳನ್ನೇಕೆ ಕೂರಿಸುತ್ತೀ?" ಎಂದರು. ಇಪ್ಪತ್ತೆರಡನೆಯ ದಿನ ದಾದಿಯೇ ಅವಳ ಕೈಹಿಡಿದು ಶಾಲೆಗೆ ಕರೆತಂದರು. ಅಲ್‌ಹಮ್ದುಲಿಲ್ಲಾಹ್, ಈಗ ಅವಳು ಓದುತ್ತಿದ್ದಾಳೆ.

ಸಹೋದರಿಯರೇ, ಇದರಿಂದ ನನಗೆ ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ. ದೂರದವರಿಗೆ ತಿಳಿಸಬೇಕಾದ ಕಥೆಗೆ ಸಿನಿಮಾ ಬೇಕು. ನಮ್ಮ ಮಗಳೊಬ್ಬಳು ಕಷ್ಟಪಟ್ಟು ಡಾಕ್ಟರಾದದ್ದು, ಪ್ರವಾಹದಲ್ಲಿ ನಮ್ಮ ಹುಡುಗರು ಜಾತಿ ನೋಡದೆ ಜನರನ್ನು ದಡ ಸೇರಿಸಿದ್ದು, ಇಂಥವು ಎಷ್ಟು ದೂರ ಹೋದರೂ ಒಳ್ಳೆಯದೇ. ಆದರೆ ನಾವು ನಮಗೇ ಹೇಳಿಕೊಳ್ಳಬೇಕಾದ ಕಥೆಗಳಿವೆ. ಕೊಡದ ಮೆಹರ್, ಹೆಣ್ಣುಮಕ್ಕಳಿಗೆ ತಪ್ಪಿಸಿದ ಆಸ್ತಿಯ ಪಾಲು, ಹುಡುಗಿಯನ್ನು ಕೇಳದೆ ಗೊತ್ತುಮಾಡಿದ ಮದುವೆ. ಇವುಗಳ ತಿರುಳು ಒಂದು ಮಾತಿನಲ್ಲಿರುತ್ತದೆ. ಇವುಗಳ ಗವಾಹ್‌ಗಳು ನಾವೇ ಆಗಿರುತ್ತೇವೆ. ಇವಕ್ಕೆ ಉತ್ತರ ಕೊಡಬೇಕಾದವರೂ ನಮ್ಮ ನಡುವೆಯೇ ಕೂತಿರುತ್ತಾರೆ. ಇಂಥ ಕಥೆಗಳು ಅಂಗಳದಲ್ಲಿ ಹುಟ್ಟಿ, ಅಂಗಳದಲ್ಲೇ ಕೆಲಸ ಮುಗಿಸಿ, ನೋಡಿದವರ ಮನಸ್ಸಿನಲ್ಲಿ ಮಾತ್ರ ಉಳಿಯಬೇಕು. ಆಟ ಮುಗಿದೊಡನೆ ಇಲ್ಲವಾಗುವುದು ನಾಟಕದ ದೌರ್ಬಲ್ಯ ಎನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳ ಪಾಲಿಗೆ ಅದೇ ಅದರ ದೊಡ್ಡ ರಕ್ಷೆ.

ಹಾಗಾದರೆ ಏನು ಮಾಡೋಣ? ಮುಂದಿನ ಸಲ ನಿಮ್ಮ ಮೊಹಲ್ಲಾದಲ್ಲಿ ಹೆಂಗಸರ ಇಜ್ತೆಮಾ ಆದಾಗ, ಶಾಲೆಯಲ್ಲಿ ಹೆಣ್ಣುಮಕ್ಕಳ ಕಾರ್ಯಕ್ರಮವಾದಾಗ ಒಂದು ಭಾಷಣ ಕಡಿಮೆ ಮಾಡಿ, ಅಲ್ಲಿ ಒಂದು ಮುಕಾಲಮಾ ಇಡಿ. ಪ್ರವಾದಿಗಳ ಮತ್ತು ಸಹಾಬಿಗಳ ಪಾತ್ರ ಮಾಡಿಸಬೇಡಿ, ಯಾರ ಹೆಸರನ್ನೂ ಎತ್ತಿ ಅವಮಾನ ಮಾಡಬೇಡಿ, ಸುಳ್ಳು ಸೇರಿಸಬೇಡಿ. ವೇಷಭೂಷಣಕ್ಕೆ ಹಣ ಸುರಿಯಬೇಡಿ, ಒಂದು ದುಪಟ್ಟಾ ಸಾಕು. ಮಾತುಗಳನ್ನು ಮಕ್ಕಳೇ ಬರೆಯಲಿ, ನಾವು ಬರೆದುಕೊಟ್ಟರೆ ಅದು ಮತ್ತೆ ಭಾಷಣವೇ ಆಗುತ್ತದೆ. ಆಟದ ಬಳಿಕ ಆಟದಷ್ಟೇ ಸಮಯವನ್ನು ಕೇಳುಗರ ಮಾತಿಗೆ ಬಿಡಿ. ಎಲ್ಲಕ್ಕಿಂತ ಮೊದಲು ಬಾಗಿಲಲ್ಲಿ ಒಂದು ಬುಟ್ಟಿಯಿಟ್ಟು ಎಲ್ಲರ ಮೊಬೈಲುಗಳನ್ನೂ ಅದರೊಳಗೆ ಹಾಕಿಸಿ. ಈಗ ನಾವು ಹಾಗೆಯೇ ಮಾಡುತ್ತಿದ್ದೇವೆ. ಮೊದಲು ಗೊಣಗಿದವರೇ ಈಗ ಎಲ್ಲರಿಗಿಂತ ಮುಂಚೆ ಬಂದು ಬುಟ್ಟಿಯ ಪಕ್ಕ ಕಾವಲು ಕೂರುತ್ತಾರೆ.

ಗಂಡಸರಿಗೆ ಇದು ಹೇಗೆ ತಲುಪಬೇಕು ಎಂದು ಕೇಳಬಹುದು. ಅದರ ಚಿಂತೆ ಬೇಡ. ಅಂಗಳದಲ್ಲಿ ಕೇಳಿದ ಕಥೆಯನ್ನು ಮನೆಗೆ ಒಯ್ದು, ರಾತ್ರಿ ರೊಟ್ಟಿ ಬಡಿಸುವಾಗ ಎರಡು ಮಾತಿನಲ್ಲಿ ಹೇಳುವ ಕಲೆ ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ಆ ಆಡು ಮಾರಿದ ಮನುಷ್ಯ ಮುಕಾಲಮಾ ನೋಡಿದವರಲ್ಲ, ಹೆಂಡತಿಯ ಬಾಯಲ್ಲಿ ಕೇಳಿದವರು.